ಸಹಿ ಪರೀಕ್ಷೆಯ ವರದಿ ಎಷ್ಟು ಗಟ್ಟಿ? ಬಳ್ಳಾರಿಯಲ್ಲಿ ಬಳಸಿದ ಒಂದು ಖಾಸಗಿ ತಜ್ಞ ಸೇವೆಯ ವಿಮರ್ಶೆ

ಬಳ್ಳಾರಿಯ ಸಿವಿಲ್ ನ್ಯಾಯಾಲಯಗಳಲ್ಲಿ ಜಮೀನಿನ ಕರಾರು ಪತ್ರದ ಮೇಲೆ ದಾವೆ ನಡೆಸುವ ವಕೀಲರಿಗೆ, ಪ್ರತಿವಾದಿಯ ಲಿಖಿತ ಹೇಳಿಕೆಯಲ್ಲಿ "ಆ ಸಹಿ ನನ್ನದಲ್ಲ" ಎಂಬ ಸಾಲು ಕಂಡ ದಿನದಿಂದ ಬರವಣಿಗೆ ತಜ್ಞರನ್ನು ಹುಡುಕುವ ಕೆಲಸ ಶುರುವಾಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 10ಎ ನಿಯಮದಡಿ ವೈಜ್ಞಾನಿಕ ಪರೀಕ್ಷೆಗೆ ಕಮಿಷನರನ್ನು ನೇಮಿಸುವಂತೆ ನ್ಯಾಯಾಲಯವನ್ನೇ ಕೇಳಿಕೊಳ್ಳಬಹುದು; ಇಲ್ಲವೇ ಕಕ್ಷಿದಾರರು ತಮ್ಮ ಖರ್ಚಿನಲ್ಲಿ ಖಾಸಗಿ ತಜ್ಞರಿಂದ ವರದಿ ತರಿಸಿ, ಆ ತಜ್ಞರನ್ನು ಸಾಕ್ಷಿ ಕಟ್ಟೆಗೆ ಕರೆಸಬಹುದು. ನಾನು ಈಚೆಗೆ ಎರಡನೆಯ ದಾರಿ ಹಿಡಿದಿದ್ದೆ. ದಾವೆ ಇನ್ನೂ ನಡೆಯುತ್ತಿರುವುದರಿಂದ ಕಚೇರಿಯ ಹೆಸರನ್ನೂ ಕಕ್ಷಿದಾರರ ಗುರುತನ್ನೂ ಇಲ್ಲಿ ಹೇಳುವುದಿಲ್ಲ, ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಆದರೆ ಇಂಥ ಸೇವೆಯಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ಕೇಳಿ ಪಡೆಯಬೇಕು ಎಂಬುದು ಯಾವ ಕಚೇರಿಗೆ ಹೋದರೂ ಒಂದೇ ಆದ್ದರಿಂದ ಈ ವಿಮರ್ಶೆ.

ಕೆಲಸ ಮಾಡುವ ರೀತಿಯಲ್ಲಿ ದೂರುವಂಥದ್ದು ಹೆಚ್ಚಿಲ್ಲ. ಕಚೇರಿ ಇರುವುದು ಬೇರೆ ಊರಿನಲ್ಲಿ. ಸಾಕ್ಷ್ಯವಾಗಿ ಗುರುತಿನ ಸಂಖ್ಯೆ ಪಡೆದ (ನಿಶಾನೆಯಾದ) ಮೂಲ ಕರಾರು ಪತ್ರ ನ್ಯಾಯಾಲಯದ ವಶದಲ್ಲಿರುವುದರಿಂದ ಅದನ್ನು ಹೊರಗೆ ಕಳಿಸುವಂತಿಲ್ಲ. ಹಾಗಾಗಿ ಅವರ ಪರೀಕ್ಷಕರೇ ಬಳ್ಳಾರಿಗೆ ಬಂದು, ಅರ್ಜಿ ಹಾಕಿ ಪಡೆದ ಅನುಮತಿಯ ಮೇಲೆ, ಶಿರಸ್ತೇದಾರರ ಎದುರಿನಲ್ಲಿ ದಾಖಲೆಯ ಫೋಟೊ ತೆಗೆದುಕೊಂಡರು. ಜೆರಾಕ್ಸ್ ಪ್ರತಿ ಇದ್ದರೆ ಸಾಕು ಎನ್ನುವ ಕಚೇರಿಗಳೂ ಇವೆ. ಜೆರಾಕ್ಸಿನಲ್ಲಿ ಪೆನ್ನಿನ ಒತ್ತಡ, ಗೆರೆಯ ನಡುವೆ ಪೆನ್ನು ಎತ್ತಿಟ್ಟ ಜಾಗ, ಒಂದು ಗೆರೆ ಇನ್ನೊಂದರ ಮೇಲೆ ಹಾದುಹೋದ ಕ್ರಮ, ಇವು ಯಾವುವೂ ಉಳಿಯುವುದಿಲ್ಲ ಎಂಬುದನ್ನು ಇವರು ಮೊದಲ ಮಾತಿನಲ್ಲೇ ಸ್ಪಷ್ಟಪಡಿಸಿದರು. ಓರೆಯಾಗಿ ಬೆಳಕು ಬೀರಿ, ಕೆಳಗಿನಿಂದ ಬೆಳಕು ಹಾಯಿಸಿ, ಕೈಯಲ್ಲಿ ಹಿಡಿಯುವ ಸೂಕ್ಷ್ಮದರ್ಶಕವನ್ನು ಸಹಿಯ ಮೇಲಿಟ್ಟು ತೆಗೆದ ಚಿತ್ರಗಳು ಒಳ್ಳೆಯ ಗುಣಮಟ್ಟದವು. ಈ ಭಾಗಕ್ಕೆ ಪೂರ್ಣ ಅಂಕ ಕೊಡಲು ನನ್ನ ತಕರಾರಿಲ್ಲ.

ತಕರಾರು ಇರುವುದು ಮೊದಲ ವರದಿಯ ಬಗ್ಗೆ. ದೊಡ್ಡದು ಮಾಡಿದ ಚಿತ್ರಗಳು, ಕೆಂಪು ಬಾಣಗಳು, ಅಕ್ಷರಗಳ ಹೋಲಿಕೆಯ ಪಟ್ಟಿ, ಎಲ್ಲವೂ ಅಚ್ಚುಕಟ್ಟಾಗಿದ್ದವು. ಕೊನೆಯ ಪುಟದಲ್ಲಿ, ವಿವಾದಿತ ಸಹಿಯನ್ನೂ ಒಪ್ಪಿತ ಸಹಿಗಳನ್ನೂ (ಪ್ರತಿವಾದಿಯದೇ ಎಂದು ಒಪ್ಪಿ, ಹೋಲಿಕೆಗೆ ಮಾದರಿಯಾಗಿ ಕೊಟ್ಟ ಬೇರೆ ದಾಖಲೆಗಳ ಸಹಿಗಳು) ಬರೆದವರು ಒಬ್ಬರೇ ಎಂಬುದರಲ್ಲಿ ಸಂಶಯವಿಲ್ಲ ಎಂದಿತ್ತು. ನಾನು ವಾದಿಯ ಪರ ಇದ್ದುದರಿಂದ ಈ ಸಾಲು ನನಗೆ ಅನುಕೂಲಕರವೇ. ಆದರೆ ಸಂಶಯವಿಲ್ಲದಿರುವುದು ಯಾವ ಲೆಕ್ಕದಲ್ಲಿ, ಯಾವ ಮಾದರಿಯನ್ನು ಕೈಬಿಟ್ಟರೆ ಅದೇ ತೀರ್ಮಾನ ನಿಲ್ಲುತ್ತದೆ, ಯಾವುದನ್ನು ಬಿಟ್ಟರೆ ಬೀಳುತ್ತದೆ ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ನಮ್ಮ ಕಾನೂನು ಇದನ್ನು ಸಾಕೆಂದು ಒಪ್ಪುವುದಿಲ್ಲ. ತಜ್ಞರ ಅಭಿಪ್ರಾಯ ಹಳೆಯ ಸಾಕ್ಷ್ಯ ಅಧಿನಿಯಮದ 45ನೇ ಕಲಮಿನಡಿ ಬರುತ್ತಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 39ನೇ ಕಲಮು. ಎರಡರಲ್ಲೂ ಅದು ಅಭಿಪ್ರಾಯವೇ ಹೊರತು ತೀರ್ಪಲ್ಲ. ಬರವಣಿಗೆ ತಜ್ಞರ ಮಾತನ್ನು ಬೇರೆ ಪುಷ್ಟಿ ಇಲ್ಲದೆ ಎಂದೂ ನಂಬಬಾರದು ಎಂಬ ನಿಯಮವೇನೂ ಇಲ್ಲ, ಆದರೆ ಎಚ್ಚರಿಕೆಯಿಂದ ನೋಡಬೇಕು ಎಂದು ಸುಪ್ರೀಂ ಕೋರ್ಟು ಮುರಾರಿ ಲಾಲ್ ಪ್ರಕರಣದಲ್ಲಿ ಹೇಳಿದೆ. 2009ರ ರಮೇಶ್ ಚಂದ್ರ ಅಗರವಾಲ್ ತೀರ್ಪಿನಲ್ಲಂತೂ, ತಜ್ಞರ ತೀರ್ಮಾನ ಸರಿಯೋ ತಪ್ಪೋ ಎಂದು ನ್ಯಾಯಾಧೀಶರೇ ಪರೀಕ್ಷಿಸಿ ನೋಡಲು ಬೇಕಾದ ವೈಜ್ಞಾನಿಕ ಮಾನದಂಡಗಳನ್ನು ಒದಗಿಸುವುದೇ ತಜ್ಞರ ಕರ್ತವ್ಯ ಎಂಬ ತತ್ವವನ್ನು ಎತ್ತಿಹಿಡಿಯಲಾಗಿದೆ. "ಸಂಶಯವಿಲ್ಲ" ಎಂಬ ಮಾತಿನಲ್ಲಿ ಅಂಥ ಮಾನದಂಡ ಯಾವುದೂ ಇಲ್ಲ. ಪಾಟೀಸವಾಲಿನಲ್ಲಿ ಎದುರು ವಕೀಲರು ನಾಲ್ಕು ಪ್ರಶ್ನೆ ಸರಿಯಾಗಿ ಕೇಳಿದರೆ ಅದು ನಿಲ್ಲುವುದೂ ಇಲ್ಲ.

ಇದೇ ಕಚೇರಿಯ ಸೇವೆಗಳ ಪಟ್ಟಿಯಲ್ಲಿ, ಕೆಳಗೆಲ್ಲೋ, ಪೂರಕ ಮೌಲ್ಯಮಾಪನ ಎಂಬ ಇನ್ನೊಂದು ಬಾಬತ್ತು ಇತ್ತು. ಬೇರೆ ಶುಲ್ಕ, ಬೇರೆ ವರದಿ. ಯುರೋಪಿನ ವಿಧಿವಿಜ್ಞಾನ ಸಂಸ್ಥೆಗಳ ಒಕ್ಕೂಟವಾದ ಇಎನ್‌ಎಫ್‌ಎಸ್‌ಐ (ENFSI) 2015ರಲ್ಲಿ ಹೊರತಂದ ಮಾರ್ಗಸೂಚಿಯನ್ನು ಅನುಸರಿಸುವುದಾಗಿ ಅದರಲ್ಲಿ ಬರೆದಿದ್ದರು. ಆ ಮಾರ್ಗಸೂಚಿ ವರದಿಗೆ ನಾಲ್ಕು ಗುಣಗಳನ್ನು ಕೇಳುತ್ತದೆ: ಸಮತೋಲ, ತರ್ಕ, ದೃಢತೆ, ಪಾರದರ್ಶಕತೆ. ನಾನು ಕೇಳಿದ್ದು ಮುಖ್ಯವಾಗಿ ಮೂರನೆಯದನ್ನು, ಅಂದರೆ ಆಧಾರಗಳನ್ನು ಬದಲಿಸಿ ನೋಡಿದರೂ ತೀರ್ಮಾನ ನಿಲ್ಲುತ್ತದೆಯೇ ಎಂಬುದನ್ನು. ಬಂದ ಎರಡನೆಯ ವರದಿ ಮೊದಲನೆಯದಕ್ಕಿಂತ ಎಷ್ಟೋ ಪಾಲು ಬೆಲೆಯುಳ್ಳದ್ದು. ಇದನ್ನು ಕೇಳಿದವರಿಗೆ ಮಾತ್ರ ಕೊಡುತ್ತಾರೆಂಬುದೇ ಈ ಸೇವೆಯ ದೊಡ್ಡ ದೋಷ.

ಎರಡನೆಯ ವರದಿ ಮೊದಲು ಪ್ರಶ್ನೆಯನ್ನೇ ತಿದ್ದುತ್ತದೆ. ಈ ಸಹಿ ಯಾರದು ಎಂದು ಹೇಳುವುದು ತಜ್ಞರ ಕೆಲಸವಲ್ಲ. ಸಹಿ ಪ್ರತಿವಾದಿಯದೇ ಆಗಿದ್ದರೆ ನಮಗೆ ಕಾಣುತ್ತಿರುವ ಲಕ್ಷಣಗಳು ಕಾಣುವ ಸಾಧ್ಯತೆ ಎಷ್ಟು, ಬೇರೊಬ್ಬರು ಹಾಕಿದ್ದಾಗಿದ್ದರೆ ಅವೇ ಲಕ್ಷಣಗಳು ಕಾಣುವ ಸಾಧ್ಯತೆ ಎಷ್ಟು, ಇವೆರಡರ ಅನುಪಾತವನ್ನು ಹೇಳುವುದಷ್ಟೇ ಅವರ ಪಾಲಿನದು. ಇದನ್ನೇ ಲೈಕ್ಲಿಹುಡ್ ರೇಶಿಯೊ ಎನ್ನುತ್ತಾರೆ. ಅನುಪಾತ 2ರಿಂದ 10ರ ಒಳಗಿದ್ದರೆ ದುರ್ಬಲ ಬೆಂಬಲ, 10ರಿಂದ 100 ಸಾಧಾರಣ, 1,000ದಿಂದ 10,000 ಬಲವಾದ ಬೆಂಬಲ ಎಂದು ಆ ಮಾರ್ಗಸೂಚಿಯಲ್ಲಿ ಮಾತಿನ ಅಳತೆಗೋಲೂ ಇದೆ. ಉಳಿದ ಸಾಕ್ಷ್ಯಗಳ ಜೊತೆ ಇದನ್ನು ತೂಗಿ ಸಹಿ ಯಾರದೆಂದು ತೀರ್ಮಾನಿಸುವವರು ನ್ಯಾಯಾಧೀಶರು. ಈ ಗೆರೆಯನ್ನು ದಾಟಿದ್ದಕ್ಕೆ ಚರಿತ್ರೆಯಲ್ಲಿ ದೊಡ್ಡ ಉದಾಹರಣೆಯೇ ಇದೆ. 1894ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಡ್ರೈಫಸ್ ಅವರ ಮೇಲೆ ದೇಶದ್ರೋಹದ ಆರೋಪ ಬಂದಾಗ ಬರ್ಟಿಯೋನ್ ಎಂಬ ತಜ್ಞರು ಕೈಬರಹದ ಹೆಸರಿನಲ್ಲಿ ಸಂಕೀರ್ಣ ಲೆಕ್ಕಗಳನ್ನು ಕಟ್ಟಿ ಅವರನ್ನು ಅಪರಾಧಿಯೆಂದು ತೋರಿಸಿದ್ದರು. 1904ರಲ್ಲಿ ಗಣಿತಜ್ಞ ಪ್ವಾಂಕರೆ ಮತ್ತು ಸಂಗಡಿಗರು ಆ ಲೆಕ್ಕಗಳಿಗೆ ಯಾವ ಆಧಾರವೂ ಇಲ್ಲವೆಂದು ವರದಿ ಕೊಟ್ಟರು. ಅಷ್ಟರೊಳಗೆ ಆ ಮನುಷ್ಯ ಡೆವಿಲ್ಸ್ ದ್ವೀಪದ ಸೆರೆಯಲ್ಲಿ ವರ್ಷಗಳನ್ನು ಕಳೆದಾಗಿತ್ತು.

ಇನ್ನು ದೃಢತೆಯ ಪರೀಕ್ಷೆಗೆ ಬರುತ್ತೇನೆ. ನಮ್ಮಲ್ಲಿದ್ದ ಒಪ್ಪಿತ ಸಹಿಗಳು ನಾಲ್ಕು ಬಗೆಯವು: ಹಳೆಯ ನೋಂದಾಯಿತ ಕ್ರಯಪತ್ರದ್ದು, ಸೊಸೈಟಿ ಸಾಲದ ಅರ್ಜಿಯದ್ದು, ಕರಾರಿನ ಕಾಲಕ್ಕೆ ಹತ್ತಿರದ ಬ್ಯಾಂಕಿನ ಮಾದರಿ ಸಹಿಯ ಕಾರ್ಡು, ಮತ್ತು ದಾವೆ ಹೂಡಿದ ಮೇಲೆ ವಕಾಲತ್ತಿಗೆ ಹಾಕಿದ್ದು. ಪರೀಕ್ಷಕರು ಒಂದೊಂದನ್ನೇ ಬದಿಗಿಟ್ಟು ಉಳಿದವುಗಳ ಜೊತೆ ಹೋಲಿಕೆಯನ್ನು ಮತ್ತೆ ಮಾಡಿದರು. ವಕಾಲತ್ತಿನ ಸಹಿಯನ್ನು ಬಿಟ್ಟಾಗ ಅನುಪಾತ ಏರಿತು. ಜಗಳ ಶುರುವಾದ ಮೇಲೆ ಹಾಕಿದ ಸಹಿಯಲ್ಲಿ ಮನುಷ್ಯ ಬೇಕೆಂದೇ ಬರೆಯುವ ರೀತಿ ಬದಲಿಸಿರುವ ಸಂಭವ ಇರುವುದರಿಂದ ಇದು ನಿರೀಕ್ಷಿತವೇ. ಕ್ರಯಪತ್ರವನ್ನು ಬಿಟ್ಟಾಗ, ಸೊಸೈಟಿ ಅರ್ಜಿಯನ್ನು ಬಿಟ್ಟಾಗ, ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಬ್ಯಾಂಕಿನ ಕಾರ್ಡನ್ನು ಬಿಟ್ಟಾಗ ಮಾತ್ರ ಇಡೀ ತೀರ್ಮಾನ ಕುಸಿದು ದುರ್ಬಲ ಬೆಂಬಲಕ್ಕೆ ಬಂದು ನಿಂತಿತು. ಅಂದರೆ ಮೊದಲ ವರದಿಯ "ಸಂಶಯವಿಲ್ಲ" ಎಂಬ ಮಾತು ಒಂದೇ ಗೂಟದ ಮೇಲೆ ಎತ್ತಿದ ಚಪ್ಪರವಾಗಿತ್ತು, ಮತ್ತು ಅದನ್ನು ಓದಿದ ಯಾರಿಗೂ ಅದು ತಿಳಿಯುವಂತಿರಲಿಲ್ಲ.

ಕಾರಣವನ್ನೂ ವರದಿ ವಿವರಿಸುತ್ತದೆ. ಪ್ರತಿವಾದಿಯವರು ಎಪ್ಪತ್ತು ದಾಟಿದ ಹಿರಿಯರು, ಕೈ ನಡುಗುತ್ತದೆ. ವಯಸ್ಸಿನ ನಡುಕವೂ, ಇನ್ನೊಬ್ಬರ ಸಹಿಯನ್ನು ಮುಂದಿಟ್ಟುಕೊಂಡು ನಿಧಾನವಾಗಿ ನಕಲು ಮಾಡುವವನ ಕೈಯ ಹಿಂಜರಿಕೆಯೂ ಕಾಗದದ ಮೇಲೆ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಇವರ ನಡುಕ ಆ ಕಾಲಕ್ಕೆ ಯಾವ ಬಗೆಯದಿತ್ತು ಎಂದು ತೋರಿಸುವ ದಾಖಲೆ ಬ್ಯಾಂಕಿನ ಕಾರ್ಡೊಂದೇ. ಉಳಿದವು ಒಂದೋ ತೀರ ಹಿಂದಿನವು, ಇಲ್ಲವೇ ಶಂಕೆಗೆ ಎಡೆಯಿರುವಂಥವು. ಸೂಕ್ಷ್ಮದರ್ಶಕದ ಚಿತ್ರವನ್ನು ನಾನೇ ಪರದೆಯ ಮೇಲೆ ನೋಡಿದೆ. ವಿವಾದಿತ ಸಹಿಯ ಕೊನೆಯ ಬಾಲದಲ್ಲಿ ಶಾಯಿ ತೆಳುವಾಗುತ್ತಾ ಹೋಗಿ ಕಾಗದದ ನಾರಿನಲ್ಲಿ ಕಾಣದಂತಾಗುತ್ತದೆ. ಪೆನ್ನು ಇನ್ನೂ ಓಡುತ್ತಿರುವಾಗಲೇ ಕೈ ಮೇಲೆದ್ದಿದೆ. ನಕಲು ಮಾಡುವವನು ಸಾಮಾನ್ಯವಾಗಿ ಗೆರೆಯ ಕೊನೆಯಲ್ಲಿ ನಿಂತು ಎತ್ತುತ್ತಾನೆ, ಅಲ್ಲಿ ಶಾಯಿ ಮೊಂಡಾಗಿ ಒಂದು ಚುಕ್ಕಿಯಂತೆ ಉಳಿಯುತ್ತದೆ. ಬ್ಯಾಂಕಿನ ಕಾರ್ಡಿನಲ್ಲೂ ನಡುಕದ ನಡುವೆ ಇದೇ ಓಡುವ ಬಾಲವಿದೆ. ಇದು ನಮ್ಮ ಪರವಾದ ನಿಜವಾದ ಸಾಕ್ಷ್ಯ. ಮೊದಲ ವರದಿಯಲ್ಲಿ ಇದಕ್ಕೆ ಸಿಕ್ಕಿದ್ದು ಅರ್ಧ ಸಾಲು.

ಮೊದಲ ವರದಿ ಪುಟಗಟ್ಟಲೆ ಹಿಗ್ಗಿದ್ದು ಅಕ್ಷರದ ಆಕಾರದ ಬಗ್ಗೆ. ಸಹಿಯ ಮೊದಲ ಅಕ್ಷರ "ನ". ಅದರ ತಲೆಕಟ್ಟು ಕನ್ನಡದ ಅಡ್ಡಗೆರೆಯಂತೆ ಮಲಗದೆ, ಸರಿ ಎಂದು ಗುರುತು ಹಾಕುವ ಗೀಟಿನಂತೆ ಓರೆಯಾಗಿ ಮೇಲಕ್ಕೆ ಚಿಮ್ಮುತ್ತದೆ. ಒಪ್ಪಿತ ಸಹಿಗಳಲ್ಲೂ ಹಾಗೆಯೇ. ಇದು ಅತ್ಯಂತ ವಿರಳವಾದ ವೈಯಕ್ತಿಕ ಲಕ್ಷಣ ಎಂದು ಪರೀಕ್ಷಕರು ಬರೆದಿದ್ದರು. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಓದಿದರೆ ನಗು ಬರುತ್ತದೆ. ಅದು ತೆಲುಗಿನ ತಲೆಕಟ್ಟು. ಈ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದಲ್ಲಿತ್ತು, ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ ಉಳಿದವು ಮೈಸೂರಿಗೆ ಬಂದವು. ಗಡಿಯ ಈಚೆಗೆ ಉಳಿದ ಎಷ್ಟೋ ಮನೆಗಳಲ್ಲಿ ಓದು ಬರಹ ಮೊದಲು ಕಲಿತದ್ದು ತೆಲುಗಿನಲ್ಲಿ. ಆಮೇಲೆ ಕನ್ನಡದಲ್ಲಿ ಬರೆದರೂ ಕೈಯಲ್ಲಿ ಉಳಿದ ಆ ಓರೆ ಗೀಟು ಹೋಗಲಿಲ್ಲ. ಸಿರುಗುಪ್ಪ ಕಡೆಯ ಹಳೆಯ ಪಂಚಾಯ್ತಿ ದಾಖಲೆಗಳನ್ನು ತಿರುವಿದರೆ ಇಂಥ "ನ", "ತ", "ಮ" ಬೇಕಾದಷ್ಟು ಸಿಗುತ್ತವೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಪ್ರತಿವಾದಿಯವರು ಯಾವಾಗಲೂ ಹೀಗೆಯೇ ಬರೆಯುತ್ತಾರೆ ಎಂದುಕೊಳ್ಳಿ. ಕನ್ನಡ ಶಾಲೆಯಲ್ಲೇ ಕಲಿತವರಲ್ಲಿ ಐವತ್ತರಲ್ಲಿ ಒಬ್ಬರು ಮಾತ್ರ ಹೀಗೆ ಬರೆಯುವುದಾದರೆ, ಈ ಒಂದು ಲಕ್ಷಣದಿಂದ ಬರುವ ಅನುಪಾತ 50. ತೆಲುಗಿನಲ್ಲಿ ಮೊದಲು ಕಲಿತವರಲ್ಲಿ ಅರ್ಧದಷ್ಟು ಜನ ಹೀಗೆ ಬರೆಯುವುದಾದರೆ, ಅದೇ ಲಕ್ಷಣದ ಅನುಪಾತ 2. ಸಹಿ ಅದೇ, ಸೂಕ್ಷ್ಮದರ್ಶಕ ಅದೇ, ಪರೀಕ್ಷಕರೂ ಅವರೇ. ಯಾವ ಜನರ ನಡುವೆ ವಿರಳ ಎಂಬ ಒಂದು ಊಹೆ ಬದಲಾದದ್ದಕ್ಕೆ ಸಾಕ್ಷ್ಯದ ಬಲ ಇಪ್ಪತ್ತೈದು ಪಾಲು ಇಳಿಯಿತು. ನಮ್ಮ ಪ್ರಕರಣದಲ್ಲಿ ನಕಲು ಮಾಡಿದರೆನ್ನುವ ಆರೋಪ ಇರುವುದು ಅದೇ ಊರಿನ, ಅದೇ ಬಗೆಯ ಮನೆತನದವರ ಮೇಲೆ. ಆದ್ದರಿಂದ ಎರಡನೆಯ ಲೆಕ್ಕವೇ ಸರಿಯಾದದ್ದು.

ಅಲ್ಲಿಗೂ ಮುಗಿಯುವುದಿಲ್ಲ. ಪ್ರತಿವಾದಿಯ ವಾದ "ಯಾರೋ ತಮ್ಮ ಕೈಬರಹದಲ್ಲಿ ನನ್ನ ಹೆಸರು ಬರೆದಿದ್ದಾರೆ" ಎಂದಾಗಿರದೆ, "ನನ್ನ ಸಹಿಯನ್ನು ಮುಂದಿಟ್ಟುಕೊಂಡು ತಿದ್ದಿದ್ದಾರೆ" ಎಂದಾಗಿದೆ. ಹಾಗಾದರೆ ನಕಲು ಮಾಡುವವನು ಆ ಓರೆ ತಲೆಕಟ್ಟನ್ನೂ ನೋಡಿ ಬರೆದಿರುತ್ತಾನೆ. ಆಕಾರದ ಹೋಲಿಕೆಗೆ ಅನುಪಾತ 1ರ ಹತ್ತಿರಕ್ಕೆ ಬರುತ್ತದೆ, ಅಂದರೆ ಅದು ಯಾರ ಪರವೂ ಏನೂ ಹೇಳುವುದಿಲ್ಲ. ಉಳಿಯುವುದು ಗೆರೆಯ ಓಟ, ಒತ್ತಡದ ಏರಿಳಿತ, ಆ ಬಾಲ. ಎದುರಿನ ಪ್ರತಿಪಾದನೆಯನ್ನು ಬದಲಿಸಿ ನೋಡುವ ಈ ಕೆಲಸವನ್ನು ಪೂರಕ ವರದಿ ಚೆನ್ನಾಗಿ ಮಾಡಿದೆ, ಆದರೆ ತೆಲುಗಿನ ವಿಷಯವನ್ನು ನಾನು ಬರೆದು ಕೊಟ್ಟ ಮೇಲೆ ಸೇರಿಸಿಕೊಂಡರು. ನಮ್ಮ ಕಡೆಯ ದಾಖಲೆಗಳನ್ನು ನೋಡುವ ಪರೀಕ್ಷಕರಿಗೆ ಎರಡೂ ಲಿಪಿಗಳ ಪರಿಚಯ ಇರಬೇಕೆಂದು ಕೇಳುವುದು ಅತಿ ನಿರೀಕ್ಷೆಯೇನಲ್ಲ.

ತಪ್ಪಿನ ಪ್ರಮಾಣದ ಬಗ್ಗೆಯೂ ವರದಿಯಲ್ಲಿ ಒಂದು ಪ್ಯಾರಾ ಇದೆ. ಅಮೆರಿಕದಲ್ಲಿ 86 ಪರೀಕ್ಷಕರಿಗೆ ಕೈಬರಹದ ಜೋಡಿಗಳನ್ನು ಕೊಟ್ಟು ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆಯವರು ಬರೆದ ಜೋಡಿಗಳಲ್ಲಿ 3.1 ಶೇಕಡಾದಷ್ಟನ್ನು ಒಬ್ಬರೇ ಬರೆದದ್ದೆಂದು ತಪ್ಪಾಗಿ ಹೇಳಲಾಗಿತ್ತು. ಅವಳಿಗಳ ಬರಹ ಬಂದಾಗ ತಪ್ಪು ಇನ್ನೂ ಹೆಚ್ಚು. ಅದು ರೋಮನ್ ಲಿಪಿಯ ಬರಹ, ಸಹಿಯಲ್ಲ, ಕನ್ನಡವಂತೂ ಅಲ್ಲ. ಹಾಗೆಂದೇ ಅದನ್ನು ನೇರವಾಗಿ ಇಲ್ಲಿಗೆ ತರಲಾಗದು. ಆದರೂ ನೂರಕ್ಕೆ ಮೂರು ಸಲ ತಪ್ಪಬಹುದಾದ ಕೈಯಿಂದ ಬಂದ ತೀರ್ಮಾನಕ್ಕೆ ಸರಾಸರಿಯಲ್ಲಿ 32ನ್ನು (100ನ್ನು 3.1ರಿಂದ ಭಾಗಿಸಿದರೆ ಬರುವುದು) ಮೀರಿದ ಅನುಪಾತ ಕಟ್ಟುವುದು ಕಷ್ಟ ಎಂಬ ಲೆಕ್ಕ ಸರಳವಾದದ್ದು. ಸಾವಿರ, ಹತ್ತು ಸಾವಿರ ಎಂದು ಬರೆಯುವ ಕಚೇರಿಗಳು ಇದಕ್ಕೆ ಏನು ಉತ್ತರ ಕೊಡುತ್ತವೆಯೋ ನೋಡಬೇಕು.

ಈ ಕಚೇರಿಯ ಅರ್ಜಿ ನಮೂನೆಯ ಬಗ್ಗೆ ಒಂದು ಖಾರವಾದ ಮಾತನ್ನೇ ಹೇಳಬೇಕಾಗಿದೆ. ಅದರಲ್ಲಿ ಪ್ರಕರಣದ ಸಾರಾಂಶ ಬರೆಯಲು, ನಿಮ್ಮ ಅನುಮಾನ ಯಾರ ಮೇಲೆ ಎಂದು ತಿಳಿಸಲು, ನಿಮಗೆ ಬೇಕಾದ ಅಭಿಪ್ರಾಯ ಯಾವುದು ಎಂದು ಹೇಳಲು ಕಲಮುಗಳಿವೆ. ತುಂಬಿದ ನಮೂನೆ ನೇರವಾಗಿ ಪರೀಕ್ಷಕರ ಮೇಜಿಗೆ ಹೋಗುತ್ತದೆ. 2006ರಲ್ಲಿ ಪ್ರಕಟವಾದ ಇತಿಯೆಲ್ ಡ್ರೋರ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಐದು ಜನ ಬೆರಳಚ್ಚು ತಜ್ಞರಿಗೆ ಅವರೇ ಹಿಂದೆ ಹೊಂದುತ್ತದೆ ಎಂದಿದ್ದ ಅಚ್ಚುಗಳನ್ನು ಬೇರೊಂದು ಕಥೆಯ ಜೊತೆ ಮತ್ತೆ ಕೊಟ್ಟಾಗ ನಾಲ್ವರು ತಮ್ಮ ತೀರ್ಮಾನ ಬದಲಿಸಿದರು. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಎಫ್‌ಬಿಐನ ತಜ್ಞರು ಅಮೆರಿಕದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರ ಬೆರಳಚ್ಚೇ ಅದೆಂದು ಹೇಳಿ, ಸ್ಪೇನಿನ ಪೊಲೀಸರು ಬೇರೆಯವನನ್ನು ಗುರುತಿಸಿದ ಮೇಲೆ ಹಿಂದೆಗೆದುಕೊಂಡದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಬೆರಳಚ್ಚಿನ ಗತಿಯೇ ಹೀಗಾದರೆ, ಸಹಿಯಂಥ ಸಡಿಲ ವಸ್ತುವಿನಲ್ಲಿ ಹಣ ಕೊಟ್ಟವನ ಇಷ್ಟವನ್ನು ಮೊದಲೇ ಬರೆಸಿಕೊಳ್ಳುವುದು ಸರಿಯಲ್ಲ. ನಾನು ಆ ಕಲಮುಗಳಿಗೆ ಅಡ್ಡಗೆರೆ ಎಳೆದು ಕೊಟ್ಟೆ, ಯಾರೂ ಆಕ್ಷೇಪಿಸಲಿಲ್ಲ. ಪ್ರಕರಣದ ಕಥೆ ತಿಳಿಯದ ಎರಡನೆಯ ಪರೀಕ್ಷಕರಿಂದ ಮರುಪರೀಕ್ಷೆ ಬೇಕೆಂದು ಕೇಳಿದ್ದಕ್ಕೆ ಒಪ್ಪಿದರು, ಆದರೆ ಆ ಎರಡನೆಯವರ ಟಿಪ್ಪಣಿಯನ್ನು ವರದಿಗೆ ಲಗತ್ತಿಸದೆ, ಅವರೂ ಸಹಮತಿಸಿದ್ದಾರೆ ಎಂದು ಒಂದೇ ಸಾಲು ಬರೆದರು. ಟಿಪ್ಪಣಿ ಕೈಗೆ ಬರಲು ಪತ್ರ ಬರೆಯಬೇಕಾಯಿತು.

ಪೂರಕ ವರದಿಯ ಕೊನೆಯ ಅಭಿಪ್ರಾಯ: ಸಹಿ ಪ್ರತಿವಾದಿಯದೇ ಎಂಬ ಪ್ರತಿಪಾದನೆಗೆ, ನಕಲು ಎಂಬ ಪ್ರತಿಪಾದನೆಗೆ ಹೋಲಿಸಿದರೆ, ಸಾಧಾರಣ ಬೆಂಬಲವಿದೆ, ಬ್ಯಾಂಕಿನ ಕಾರ್ಡಿನ ಸಹಿ ಪ್ರಶ್ನಾರ್ಹವೆಂದು ರುಜುವಾತಾದರೆ ಈ ಅಭಿಪ್ರಾಯ ಉಳಿಯುವುದಿಲ್ಲ. ನನ್ನ ಕಕ್ಷಿದಾರರು ಇದನ್ನು ಓದಿಸಿಕೊಂಡು ಕೇಳಿ, "ರೊಕ್ಕ ಕೊಟ್ಟು ನಮ್ಮ ಕೇಸನ್ನ ನಾವೇ ತೆಳ್ಳಗ ಮಾಡಿಕೊಂಡಂಗಾತಲ್ರೀ ವಕೀಲ್ರೇ" ಎಂದರು. ಅವರ ಬೇಸರ ಅರ್ಥವಾಗುವಂಥದ್ದು. ಆದರೆ ಈ ವರದಿಯಿಂದ ನಮಗೆ ಸಿಕ್ಕ ಪ್ರಯೋಜನ ಕೂಡಲೇ ಕಂಡಿತು: ದಾವೆಯ ಭಾರವೆಲ್ಲ ಆ ಕಾರ್ಡಿನ ಮೇಲಿದೆ ಎಂದು ತಿಳಿದದ್ದರಿಂದ, ಬ್ಯಾಂಕಿನ ಅಧಿಕಾರಿಯನ್ನು ಮೂಲ ಕಾರ್ಡಿನೊಂದಿಗೆ ಸಾಕ್ಷಿಯಾಗಿ ಕರೆಸಲು ಸಮನ್ಸಿಗೆ ಅರ್ಜಿ ಹಾಕಿದೆವು, ಕರಾರಿಗೆ ಸಾಕ್ಷಿ ಹಾಕಿದವರ ಹೇಳಿಕೆಗೆ ಹೆಚ್ಚು ಒತ್ತು ಕೊಟ್ಟೆವು. ಮೊದಲ ವರದಿಯನ್ನೇ ನೆಚ್ಚಿಕೊಂಡಿದ್ದರೆ ಈ ಎರಡೂ ಕೆಲಸಗಳು ನಡೆಯುತ್ತಿರಲಿಲ್ಲ.

ಶುಲ್ಕದ ವಿಷಯದಲ್ಲಿ ಮೊದಲೇ ಲಿಖಿತವಾಗಿ ಮಾತು ಮುಗಿಸಿಕೊಳ್ಳುವುದು ಒಳ್ಳೆಯದು. ಮೂಲ ವರದಿಗೆ ಸಹಿಗಳ ಲೆಕ್ಕದಲ್ಲಿ, ಪೂರಕ ವರದಿಗೆ ಪ್ರತ್ಯೇಕವಾಗಿ, ಬಳ್ಳಾರಿಗೆ ಬಂದು ಹೋಗುವ ಖರ್ಚಿಗೆ ಪ್ರತ್ಯೇಕವಾಗಿ, ಸಾಕ್ಷಿ ನುಡಿಯಲು ಬರುವ ಪ್ರತಿ ದಿನಕ್ಕೆ ಮತ್ತೆ ಪ್ರತ್ಯೇಕವಾಗಿ ಬಿಲ್ಲು ಬರುತ್ತದೆ; ಸಣ್ಣ ಹಿಡುವಳಿಯ ರೈತರಿಗೆ ಇದು ಹೊರೆಯೇ. ಪೂರಕ ಮೌಲ್ಯಮಾಪನವನ್ನು ಮೂಲ ವರದಿಯೊಳಗೇ ಸೇರಿಸಿ ಕೊಡುವವರೆಗೆ ನಾನು ಈ ಸೇವೆಗೆ ಐದಕ್ಕೆ ಮೂರಕ್ಕಿಂತ ಹೆಚ್ಚು ಅಂಕ ಕೊಡಲಾರೆ. ಇವರ ಬಳಿ ಹೋಗುವ ವಕೀಲ ಮಿತ್ರರು ಅನುಮಾನದ ಕಲಮುಗಳನ್ನು ಖಾಲಿ ಬಿಡಲಿ; ಮಾದರಿಗಳನ್ನು ಒಂದೊಂದಾಗಿ ಬಿಟ್ಟು ನೋಡಿದ ಫಲಿತಾಂಶವನ್ನೂ, ಎರಡನೆಯ ಪರೀಕ್ಷಕರ ಟಿಪ್ಪಣಿಯನ್ನೂ ವರದಿಗೆ ಲಗತ್ತಿಸಬೇಕೆಂದು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಲಿ. ಹಿರಿಯರ ಸಹಿಯಾದರೆ ವಿವಾದಿತ ದಾಖಲೆಯ ಆಸುಪಾಸಿನ ವರ್ಷಗಳ ಮಾದರಿಗಳನ್ನು ಬ್ಯಾಂಕು, ಸೊಸೈಟಿ, ಪಿಂಚಣಿ ಕಚೇರಿಗಳಿಂದ ತರಿಸಿಟ್ಟುಕೊಂಡ ಮೇಲೆಯೇ ಪರೀಕ್ಷಕರನ್ನು ಬಳ್ಳಾರಿಗೆ ಕರೆಸುವುದು ಲೇಸು, ಏಕೆಂದರೆ ಮತ್ತೊಮ್ಮೆ ಕರೆಸಿದರೆ ಬರುವ ಖರ್ಚನ್ನೂ ಅವರು ಮತ್ತೊಮ್ಮೆ ಹಾಕುತ್ತಾರೆ.